ಯುಕೆ ಸ್ಪೌಸ್ ವೀಸಾ ಅರ್ಜಿ ಪೆಂಡಿಂಗ್ ಇರುವಾಗ ದುಬೈಗೆ ಹೋಗಿ ಬರಬಹುದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ

ಬಟವಾಡಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು. ನಮ್ಮ ಯಜಮಾನರು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ, ಅವರಿಗೆ ಅಲ್ಲಿ ಐಎಲ್‌ಆರ್ (ಕಾಯಂ ಆಗಿ ಇರಲು ಅನುಮತಿ) ಆಗಿದೆ. ಹಾಗಾಗಿ ನನ್ನದು ಫ್ಯಾಮಿಲಿ ವೀಸಾ, 33 ತಿಂಗಳದ್ದು. ಆನ್‌ಲೈನ್ ಫಾರ್ಮ್ ತುಂಬಿ ದುಡ್ಡು ಕಟ್ಟಿ ಆಗಿದೆ. ಬೆಂಗಳೂರಿನ ವಿಎಫ್‌ಎಸ್ (ವೀಸಾ ಅರ್ಜಿ ತೆಗೆದುಕೊಳ್ಳುವ ಕಂಪನಿ) ಸೆಂಟರಿನಲ್ಲಿ ಬೆರಳಚ್ಚು, ಫೋಟೋ ಕೊಡುವುದು ಮುಂದಿನ ವಾರ.

ವಿಷಯ ಏನಂದರೆ, ನಮ್ಮಕ್ಕ ದುಬೈನಲ್ಲಿದ್ದಾಳೆ, ತುಂಬು ಗರ್ಭಿಣಿ. ದೊಡ್ಡ ಮಗನ ಸ್ಕೂಲು ಅಲ್ಲೇ, ಭಾವನಿಗೆ ರಜೆ ಸಿಗುವುದಿಲ್ಲ, ಅದಕ್ಕೆ ಅವಳು ಊರಿಗೆ ಬರುವ ಬದಲು ಬಾಣಂತನಕ್ಕೆ ಅಮ್ಮನನ್ನೇ ಕಳಿಸಿ ಅಂತ ಹೇಳಿದ್ದಾಳೆ. ಅಮ್ಮ ಇವತ್ತಿನವರೆಗೂ ವಿಮಾನ ಹತ್ತಿದವರಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನಾನು ಜೊತೆಗೆ ಹೋಗಿ, ಒಂದು ವಾರ ಹತ್ತು ದಿನ ಇದ್ದು, ಅಮ್ಮನಿಗೆ ಸ್ವಲ್ಪ ಹೊಂದಿಕೊಂಡ ಮೇಲೆ ವಾಪಸ್ ಬರೋಣ ಅಂದುಕೊಂಡಿದ್ದೆ.

ಆದರೆ ನಮ್ಮ ಫೈಲ್ ನೋಡಿಕೊಳ್ಳುತ್ತಿರುವ ಏಜೆಂಟರು ಬೇಡವೇ ಬೇಡ ಅನ್ನುತ್ತಾರೆ. ಪಾಸ್‌ಪೋರ್ಟ್ ಕೊಟ್ಟ ಮೇಲೆ ಮೂರು ತಿಂಗಳು ಅದನ್ನು ಮರೆತುಬಿಡಿ, ಮಧ್ಯೆ ಬೇರೆ ದೇಶಕ್ಕೆ ಹೋದರೆ ಅರ್ಜಿ ತಾನಾಗಿ ಕ್ಯಾನ್ಸಲ್ ಆಗುತ್ತದೆ ಅಂತ. ಯಜಮಾನರ ಸ್ನೇಹಿತರೊಬ್ಬರೂ ಹಾಗೇ ಹೇಳಿದರು. ಇನ್ನೊಬ್ಬರು ಏನೂ ಆಗಲ್ಲ ಹೋಗಿ ಬಾ ಅಂದರು. ಅರ್ಜಿ ಫೀಸು, ಹೆಲ್ತ್ ಸರ್‌ಚಾರ್ಜು (ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಮುಂಗಡ ಕಟ್ಟುವ ದುಡ್ಡು) ಸೇರಿ ಹತ್ತಿರ ಹತ್ತಿರ ಆರು ಲಕ್ಷ ಕಟ್ಟಿದ್ದೇವೆ, ಅದಕ್ಕೇ ಭಯ. ಮನೆಯಲ್ಲಿ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ. ಗೊತ್ತಿರುವವರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರ_ಎಕ್ಸ್‌ಪ್ರೆಸ್

ಹೋಗಬೇಡಿ ಮೇಡಂ. ನಮ್ಮ ಚಿಕ್ಕಪ್ಪನ ಮಗನಿಗೆ ಇದೇ ಆಯಿತು. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಕೆಲಸದ ವೀಸಾಗೆ ಅರ್ಜಿ ಹಾಕಿದ್ದ. ಅಷ್ಟರಲ್ಲಿ ಮನೆಯಲ್ಲಿ ಮದುವೆ ಅಂತ ಊರಿಗೆ ಬಂದ, ಅರ್ಜಿ ಹೋಯಿತು, ದುಡ್ಡೂ ಹೋಯಿತು. ಮತ್ತೆ ಇಲ್ಲಿಂದಲೇ ಹೊಸದಾಗಿ ಹಾಕಬೇಕಾಯಿತು. ಅಮ್ಮನನ್ನು ಏರ್‌ಲೈನ್‌ನವರ ಸಹಾಯದಲ್ಲಿ ಕಳಿಸಿ, ನೀವು ಮನೆಯಲ್ಲಿರಿ. ರಿಸ್ಕ್ ಯಾಕೆ?

ಮಧುಗಿರಿ_ಏಕಶಿಲೆ

ಮೇಲೆ ಹೇಳಿದ ಕತೆ ನಿಜವೇ ಇರಬಹುದು, ಆದರೆ ಈ ತಂಗಿಯ ಕೇಸಿಗೆ ಅದು ಹೊಂದುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿ ಕಲಸುಮೇಲೋಗರ ಆಗಿದೆ. ನಿಮ್ಮ ಏಜೆಂಟರೂ ಅದನ್ನೇ ಕಲಸಿದ್ದಾರೆ ಅನ್ನಿಸುತ್ತದೆ.

ಮೊದಲು ನೋಡಬೇಕಾದದ್ದು, ಅರ್ಜಿ ಎಲ್ಲಿಂದ ಹಾಕಿದ್ದೀರಿ ಅನ್ನೋದು. ಯುಕೆ ಒಳಗೆ ಇದ್ದುಕೊಂಡು, ಇರುವ ವೀಸಾ ಮುಂದುವರಿಸಲು ಅಥವಾ ಓದಿನ ವೀಸಾದಿಂದ ಕೆಲಸದ ವೀಸಾಗೆ ಬದಲಾಯಿಸಲು ಅರ್ಜಿ ಹಾಕಿದವರು ಒಂದು ಗುಂಪು. ಅವರು ತೀರ್ಮಾನ ಬರುವ ಮೊದಲು ಯುಕೆ, ಐರ್ಲೆಂಡ್, ಚಾನೆಲ್ ದ್ವೀಪಗಳು, ಐಲ್ ಆಫ್ ಮ್ಯಾನ್ ಇಷ್ಟನ್ನು ಬಿಟ್ಟು ಹೊರಗೆ ಕಾಲಿಟ್ಟರೆ ಅರ್ಜಿ ವಾಪಸ್ ಪಡೆದಂತೆ ಅಂತ ಲೆಕ್ಕ. ಅವರ ಇಮಿಗ್ರೇಶನ್ ರೂಲ್ಸ್‌ನಲ್ಲಿ 34ಕೆ ಅಂತ ಒಂದು ಪ್ಯಾರಾ ಇದೆ, ಅದರಲ್ಲಿ ಇದು ಸ್ಪಷ್ಟವಾಗಿ ಇದೆ. ಯಾರೂ ಕೂತು ರಿಜೆಕ್ಟ್ ಮಾಡಬೇಕಾಗಿಯೇ ಇಲ್ಲ, ಹೊರಟ ದಿನಕ್ಕೇ ಅರ್ಜಿ ಮುಗಿಯಿತು. ಚಿಕ್ಕಪ್ಪನ ಮಗನಿಗೆ ಆಗಿದ್ದು ಇದು. ಅಲ್ಲಿ ಓದುವ ನಮ್ಮ ಹುಡುಗರಲ್ಲಿ ಸುಮಾರು ಜನಕ್ಕೆ ಇದು ಗೊತ್ತಿರುವುದಿಲ್ಲ. ಕಾಲೇಜು ಮುಗಿಯಿತು, ಗ್ರಾಜುಯೇಟ್ ರೂಟ್‌ಗೆ (ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡಲು ಕೊಡುವ ವೀಸಾ) ಅರ್ಜಿ ಹಾಕಿದೆ, ಹಬ್ಬಕ್ಕೆ ಮನೆಗೆ ಹೋಗಿ ಬರೋಣ ಅಂತ ಟಿಕೆಟ್ ಮಾಡಿಸುತ್ತಾರೆ. ಆಮೇಲೆ ತಲೆ ಮೇಲೆ ಕೈ.

ನೀವು ಎರಡನೇ ಗುಂಪು. ಹೊರಗಡೆ ಇದ್ದುಕೊಂಡು, ಒಳಗೆ ಬರಲು ಅನುಮತಿ ಕೇಳುತ್ತಿದ್ದೀರಿ. ನೀವು ಈಗಲೇ ಯುಕೆ ಹೊರಗೆ ಇದ್ದೀರಲ್ಲ, ಇನ್ನು ಹೊರಗೆ ಹೋಗುವುದೆಲ್ಲಿಗೆ? ತುಮಕೂರಿನಲ್ಲಿ ಕಾಯುತ್ತೀರೋ ದುಬೈನಲ್ಲಿ ಕಾಯುತ್ತೀರೋ, ಆ ನಿಯಮಕ್ಕೆ ಎರಡೂ ಒಂದೇ. ದುಬೈಗೆ ಹೋದ ಕಾರಣಕ್ಕೆ ನಿಮ್ಮ ಅರ್ಜಿ ಕ್ಯಾನ್ಸಲ್ ಆಗುವುದಿಲ್ಲ.

ಎರಡನೆಯದು ಪಾಸ್‌ಪೋರ್ಟ್ ಎಲ್ಲಿರುತ್ತದೆ ಅನ್ನೋದು. ನಿಮ್ಮ ನಿಜವಾದ ತೊಂದರೆ ಇದು. ಸುಮ್ನೆ ಹೋಗಿ ಬೆರಳಚ್ಚು ಕೊಟ್ಟು ಪಾಸ್‌ಪೋರ್ಟ್ ಒಪ್ಪಿಸಿ ಬಂದರೆ, ತೀರ್ಮಾನ ಆಗುವವರೆಗೂ ಅದು ಅವರ ಹತ್ತಿರವೇ. ಫ್ಯಾಮಿಲಿ ವೀಸಾಗೆ ಸಾಮಾನ್ಯವಾಗಿ 12 ವಾರ ಅಂತ ಅವರೇ ಹೇಳುತ್ತಾರೆ, ಅದೂ ಬೆರಳಚ್ಚು ಕೊಟ್ಟ ದಿನದಿಂದ ಲೆಕ್ಕ, ದುಡ್ಡು ಕಟ್ಟಿದ ದಿನದಿಂದ ಅಲ್ಲ. ಆದರೆ ಅರ್ಜಿ ನಡೆಯುವಾಗ ಪಾಸ್‌ಪೋರ್ಟ್ ನಮ್ಮ ಹತ್ತಿರವೇ ಇಟ್ಟುಕೊಳ್ಳಲು ವಿಎಫ್‌ಎಸ್‌ನಲ್ಲಿ ಒಂದು ಸೇವೆ ಇದೆ, 'ಕೀಪ್ ಮೈ ಪಾಸ್‌ಪೋರ್ಟ್' ಅಂತ ಹೆಸರು, ಅದಕ್ಕೆ ಬೇರೆ ದುಡ್ಡು. ಬೆರಳಚ್ಚು ಕೊಡುವ ದಿನ ಪಾಸ್‌ಪೋರ್ಟ್ ನೋಡಿ, ಸ್ಕ್ಯಾನ್ ಮಾಡಿಕೊಂಡು, ವಾಪಸ್ ಕೊಡುತ್ತಾರೆ. ತೀರ್ಮಾನ ಆದ ಮೇಲೆ ಪಾಸ್‌ಪೋರ್ಟ್ ತಂದುಕೊಡಿ ಅಂತ ಮೇಲ್ ಬರುತ್ತದೆ. ನಿಮ್ಮ ಅಪಾಯಿಂಟ್‌ಮೆಂಟ್ ಇನ್ನೂ ಆಗಿಲ್ಲ ಅನ್ನೋದೇ ನಿಮ್ಮ ಅದೃಷ್ಟ. ಇವತ್ತೇ ಲಾಗಿನ್ ಆಗಿ ಆ ಸೇವೆ ಸೇರಿಸಿ. ಒಮ್ಮೆ ಪಾಸ್‌ಪೋರ್ಟ್ ಅವರ ಕೈಗೆ ಹೋದ ಮೇಲೆ ಮಧ್ಯದಲ್ಲಿ ವಾಪಸ್ ಕೇಳುವುದು ದೊಡ್ಡ ತಲೆನೋವು, ಅರ್ಜಿಯನ್ನೇ ಬಿಟ್ಟುಕೊಡಬೇಕಾದ ಪರಿಸ್ಥಿತಿಗೂ ಹೋಗಬಹುದು.

ಬಟವಾಡಿ_ಹುಡುಗಿ

ಅಯ್ಯೋ ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಏಜೆಂಟರು ಆ ಸೇವೆಯ ಹೆಸರೇ ಎತ್ತಿರಲಿಲ್ಲ. ಈಗ ನೋಡಿದೆ, ಅಪಾಯಿಂಟ್‌ಮೆಂಟ್ ಪೇಜಿನಲ್ಲಿ ಬೇರೆ ಸೇವೆಗಳ ಜೊತೆ ಇದೆ. ಒಂದು ಅನುಮಾನ. ಪಾಸ್‌ಪೋರ್ಟ್ ನಾನೇ ಇಟ್ಟುಕೊಂಡರೆ ಅರ್ಜಿ ನೋಡುವವರಿಗೆ, ಇವಳಿಗೆ ಅವಸರ ಇಲ್ಲ ಅಂತಲೋ, ಏನೋ ಮುಚ್ಚಿಡುತ್ತಿದ್ದಾಳೆ ಅಂತಲೋ ಅನ್ನಿಸುತ್ತದಾ? ಇನ್ನೊಂದು, ದುಬೈಗೆ ಹೋಗಿದ್ದನ್ನು ಅವರಿಗೆ ಹೇಳಬೇಕಾ? ಫಾರ್ಮಿನಲ್ಲಿ ಹತ್ತು ವರ್ಷದ ಪ್ರಯಾಣದ ವಿವರ ಕೇಳಿದ್ದರು, ನಾನು ಎಲ್ಲೂ ಹೋಗಿಲ್ಲ ಅಂತ ಹಾಕಿದ್ದೇನೆ.

ಕುಣಿಗಲ್_ಕುದುರೆ

ಇಷ್ಟೆಲ್ಲ ಯಾಕೆ ಗುರು. ನಮ್ಮ ಏರಿಯಾದಲ್ಲಿ ಒಬ್ಬ ಏಜೆಂಟ್ ಸುಲಭದ ದಾರಿ ಹೇಳಿದ್ದ. ಪಾಸ್‌ಪೋರ್ಟ್ ವೀಸಾಗೆ ಕೊಟ್ಟುಬಿಡಿ, ಆಮೇಲೆ ಕಳೆದು ಹೋಯಿತು ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಒಂದು ಕಂಪ್ಲೇಂಟ್ ಕೊಟ್ಟು ತತ್ಕಾಲ್‌ನಲ್ಲಿ ಇನ್ನೊಂದು ಮಾಡಿಸಿ. ಹಳೆಯದು ಅಲ್ಲಿ, ಹೊಸದು ಇಲ್ಲಿ. ಕೆಲವರು ಹೀಗೇ ಮಾಡುತ್ತಾರಂತೆ.

ಮಧುಗಿರಿ_ಏಕಶಿಲೆ

@ಕುಣಿಗಲ್_ಕುದುರೆ ಈ ಸಲಹೆಯನ್ನು ಯಾರೂ ದಯವಿಟ್ಟು ಪಾಲಿಸಬೇಡಿ. ಸಿಟ್ಟು ಬಂದೇ ಹೇಳುತ್ತಿದ್ದೇನೆ. ಬ್ರಿಟನ್ನಿನಲ್ಲಿ ಕೆಲಸದ ಕಾರಣಕ್ಕೆ ಎರಡನೇ ಪಾಸ್‌ಪೋರ್ಟ್ ಕೇಳಿ ಪಡೆಯಬಹುದು, ನಮ್ಮಲ್ಲಿ ಸಾಮಾನ್ಯ ಜನಕ್ಕೆ ಆ ಅವಕಾಶ ಇಲ್ಲ. ಒಬ್ಬರಿಗೆ ಒಂದೇ. ಇದೆ ಅಂತ ಗೊತ್ತಿದ್ದೂ ಕಳೆದಿದೆ ಅಂತ ಬರೆದುಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅಪರಾಧ, ಜೈಲು ಶಿಕ್ಷೆಗೂ ಅವಕಾಶ ಇದೆ. ಅದು ಬಿಡಿ, ಲೆಕ್ಕ ಹಾಕಿದರೂ ಇದು ಮೂರ್ಖತನ. ಕಳೆದಿದೆ ಅಂದ ತಕ್ಷಣ ಹಳೆಯ ಪಾಸ್‌ಪೋರ್ಟ್ ರದ್ದು. ಆ ನಂಬರಿನ ಮೇಲೇ ನಿಮ್ಮ ವೀಸಾ ಅರ್ಜಿ ನಿಂತಿರುವುದು. ರದ್ದಾದ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾ ಕೇಳಿದ ಹಾಗಾಗುತ್ತದೆ. ಸುಳ್ಳು ಹೇಳಿದ್ದಾರೆ ಅಂತ ಯುಕೆಯವರಿಗೆ ಖಚಿತವಾದರೆ ಹತ್ತು ವರ್ಷ ಬಾಗಿಲು ಮುಚ್ಚುವ ನಿಯಮವೂ ಇದೆ.

@ಬಟವಾಡಿ_ಹುಡುಗಿ, ಪಾಸ್‌ಪೋರ್ಟ್ ಇಟ್ಟುಕೊಂಡರೆ ಅನುಮಾನ ಬರುವುದಿಲ್ಲ. ಅವರೇ ಮಾರುತ್ತಿರುವ ಸೇವೆ ಅದು. ವ್ಯಾಪಾರಿಗಳು, ಕಂಪನಿ ಕೆಲಸಕ್ಕೆ ಓಡಾಡುವವರು ಎಲ್ಲ ಇದನ್ನೇ ಬಳಸುತ್ತಾರೆ. ಅರ್ಜಿ ನೋಡುವವರು ನೋಡುವುದು ಬೇರೆಯದನ್ನು. ಯಜಮಾನರ ಸಂಬಳ ವರ್ಷಕ್ಕೆ 29,000 ಪೌಂಡ್ ದಾಟಿದೆಯಾ (2024ರ ಏಪ್ರಿಲ್‌ಗೆ ಮುಂಚೆ ಇದು 18,600 ಇತ್ತು), ಮದುವೆ ನಿಜವಾದದ್ದಾ, ಇರಲು ಮನೆ ಇದೆಯಾ, ಇಂಗ್ಲಿಷ್ ಪರೀಕ್ಷೆ ಪಾಸಾಗಿದೆಯಾ, ಟಿಬಿ ಸರ್ಟಿಫಿಕೇಟ್ ಇದೆಯಾ. ಅಕ್ಕನ ಹೆರಿಗೆಗೆ ಅಮ್ಮನನ್ನು ಬಿಟ್ಟು ಬಂದದ್ದು ಇದರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಪ್ರಯಾಣದ ವಿವರ, ಫಾರ್ಮ್ ಸಲ್ಲಿಸಿದ ದಿನಕ್ಕೆ ಯಾವುದು ನಿಜವೋ ಅದು. ಆಮೇಲೆ ಹೋಗಿದ್ದಕ್ಕೆ ಆ ಉತ್ತರ ಸುಳ್ಳಾಗುವುದಿಲ್ಲ. ಮುಂದೆ ಯಾವಾಗಲಾದರೂ ಇನ್ನೊಂದು ಫಾರ್ಮ್ ತುಂಬುವಾಗ ದುಬೈ ಸೇರಿಸಿ. ಆದರೆ ದೊಡ್ಡ ಬದಲಾವಣೆ ಇದ್ದರೆ ತಿಳಿಸಲೇಬೇಕು. ಪಾಸ್‌ಪೋರ್ಟ್ ನಂಬರ್ ಬದಲಾಯಿತು, ವಿಳಾಸ ಬದಲಾಯಿತು, ಯಜಮಾನರ ಕೆಲಸ ಬದಲಾಯಿತು, ಇಂಥವು. ದುಬೈ ವೀಸಾವೇ ರಿಜೆಕ್ಟ್ ಆಯಿತು ಅನ್ನಿ, ಅದನ್ನೂ ಮುಚ್ಚಿಡಬೇಡಿ. ಯಾವುದೇ ದೇಶ ವೀಸಾ ನಿರಾಕರಿಸಿದೆಯಾ ಅಂತ ಅವರ ಫಾರ್ಮಿನಲ್ಲೇ ಪ್ರಶ್ನೆ ಇರುತ್ತದೆ.

ಗುಬ್ಬಿಗೇಟ್_ಗಿರಾಕಿ

ಮಧುಗಿರಿಯವರು ಹೇಳಿದ 'ಒಳಗಿಂದ, ಹೊರಗಿಂದ' ಲೆಕ್ಕ ಬೇರೆ ದೇಶಗಳಿಗೂ ಬರುತ್ತದೆ, ಆದರೆ ಒಂದೊಂದು ದೇಶದ್ದು ಒಂದೊಂದು ಥರ. ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಗ್ರೀನ್ ಕಾರ್ಡ್‌ಗೆ ಒಳಗಿಂದಲೇ ಐ-485 ಅನ್ನೋ ಅರ್ಜಿ ಹಾಕಿದವರು ಅಡ್ವಾನ್ಸ್ ಪೆರೋಲ್ ಅನ್ನೋ, ಹೋಗಿ ವಾಪಸ್ ಬರಲು ಅನುಮತಿ ಪತ್ರ ಕೈಗೆ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಎಚ್-1ಬಿ, ಎಲ್-1 ಅನ್ನೋ ಕೆಲಸದ ವೀಸಾ ಇರುವವರಿಗೆ ವಿನಾಯಿತಿ ಇದೆ, ಅದಕ್ಕೆ ಸಾಫ್ಟ್‌ವೇರ್‌ನವರು ಆರಾಮಾಗಿ ಊರಿಗೆ ಬಂದು ಹೋಗುತ್ತಾರೆ. ಅದನ್ನು ನೋಡಿ ಬೇರೆ ವೀಸಾದವರೂ ಹೊರಟರೆ ಕೆಟ್ಟರು.

ಆಸ್ಟ್ರೇಲಿಯಾ ಇನ್ನೊಂದು ಥರ. ನಮ್ಮ ಷಡ್ಡಕ ಅಲ್ಲಿದ್ದಾನೆ. ಅಲ್ಲಿ ಒಳಗಿಂದ ಅರ್ಜಿ ಹಾಕಿದರೆ ಕಾಯುವ ಕಾಲಕ್ಕೆ ಬ್ರಿಡ್ಜಿಂಗ್ ವೀಸಾ ಎ ಕೊಡುತ್ತಾರೆ. ಅದರಲ್ಲಿ ಇರಬಹುದು, ಹೊರಗೆ ಹೋದರೆ ವಾಪಸ್ ಬರಲು ಆಗುವುದಿಲ್ಲ. ಹೋಗಿ ಬರಬೇಕು ಅಂದರೆ ಹೊರಡುವ ಮೊದಲೇ ಕಾರಣ ಕೊಟ್ಟು ಬ್ರಿಡ್ಜಿಂಗ್ ವೀಸಾ ಬಿ ತೆಗೆದುಕೊಳ್ಳಬೇಕು.

ಹೀಗಾಗಿ 'ನಮ್ಮ ಕಡೆಯವರೊಬ್ಬರಿಗೆ ಹಾಗಾಯಿತು' ಅನ್ನೋ ಮಾತು ಬಂದರೆ ಯಾವ ದೇಶ, ಅವರು ಎಲ್ಲಿ ಕೂತು ಅರ್ಜಿ ಹಾಕಿದ್ದರು, ಇವೆರಡು ಕೇಳಿ. ಮುಕ್ಕಾಲು ಭಾಗ ಭಯ ಅಲ್ಲೇ ಇಳಿಯುತ್ತದೆ.

ಕ್ಯಾತ್ಸಂದ್ರ_ಎಕ್ಸ್‌ಪ್ರೆಸ್

ಸರಿ ಒಪ್ಪಿದೆ, ನಮ್ಮ ಹುಡುಗ ಅಲ್ಲೇ ಇದ್ದು ಹಾಕಿದ್ದ, ಹೊರಗಿಂದ ಅಲ್ಲ. ಆದರೂ ಒಂದು ಕೇಳುತ್ತೇನೆ. ಇವರು ಇಷ್ಟೆಲ್ಲ ಕಾಯುವ ಬದಲು ಯುಕೆಗೇ ವಿಸಿಟ್ ವೀಸಾ ಹಾಕಿ ಯಜಮಾನರ ಹತ್ತಿರ ಹೋಗಿ, ಅಲ್ಲೇ ಸ್ಪೌಸ್ ವೀಸಾಗೆ ಬದಲಾಯಿಸಿಕೊಳ್ಳಬಾರದಾ? ಆಗ ಪಾಸ್‌ಪೋರ್ಟ್ ಗಲಾಟೆಯೇ ಇಲ್ಲ.

ಮಧುಗಿರಿ_ಏಕಶಿಲೆ

ಆಗುವುದಿಲ್ಲ. ವಿಸಿಟರ್ ಆಗಿ ಒಳಗೆ ಹೋದವರು ಅಲ್ಲೇ ಸ್ಪೌಸ್ ವೀಸಾಗೆ ಬದಲಾಗಲು ನಿಯಮದಲ್ಲಿ ಜಾಗ ಇಲ್ಲ. ಮೇಲಾಗಿ ವಿಸಿಟ್ ವೀಸಾ ಕೊಡುವುದೇ ನೀವು ವಾಪಸ್ ಹೊರಡುತ್ತೀರಿ ಅನ್ನೋ ನಂಬಿಕೆ ಮೇಲೆ. ಒಂದು ಕೈಯಲ್ಲಿ ಅಲ್ಲೇ ಇರುತ್ತೇನೆ ಅಂತ ಅರ್ಜಿ, ಇನ್ನೊಂದು ಕೈಯಲ್ಲಿ ಬಂದು ಹೋಗುತ್ತೇನೆ ಅಂತ ಅರ್ಜಿ, ಯಾವ ಅಧಿಕಾರಿ ನಂಬುತ್ತಾನೆ? ಅದು ರಿಜೆಕ್ಟ್ ಆದರೆ ಇಲ್ಲದ ಕಪ್ಪುಚುಕ್ಕೆ ಒಂದು ಸೇರಿಕೊಂಡಂತೆ.

ಇನ್ನೊಂದು, ಯಾರಾದರೂ 'ಈಗಿನ ಅರ್ಜಿ ವಾಪಸ್ ತೆಗೆದುಕೊಂಡು ದುಬೈಯಿಂದ ಬಂದ ಮೇಲೆ ಹೊಸದಾಗಿ ಹಾಕು' ಅಂದರೂ ಕೇಳಬೇಡಿ. ಹೆಲ್ತ್ ಸರ್‌ಚಾರ್ಜ್ ವಾಪಸ್ ಬರುತ್ತದೆ, ಅದು ವರ್ಷಕ್ಕೆ 1,035 ಪೌಂಡಿನಂತೆ ನಿಮಗೆ 3,105 ಆಗಿರುತ್ತದೆ. ಆದರೆ ಅರ್ಜಿ ಫೀಸು, ಅದೇ 2025ರ ಏಪ್ರಿಲ್‌ನಲ್ಲಿ 1,938 ಪೌಂಡ್ ಆಯಿತಲ್ಲ, ಅದು ಬೆರಳಚ್ಚು ಕೊಟ್ಟ ಮೇಲೆ ವಾಪಸ್ ಇಲ್ಲ. ಜೊತೆಗೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅರ್ಜಿ ಹಾಕುವ ದಿನಕ್ಕೆ 28 ದಿನದ ಒಳಗಿನದ್ದಾಗಿರಬೇಕು. ಅಂದರೆ ಯಜಮಾನರು ಮತ್ತೆ ಮೊದಲಿಂದ ಎಲ್ಲ ತೆಗೆಸಬೇಕು. ಟಿಬಿ ಸರ್ಟಿಫಿಕೇಟ್‌ಗೂ ಆರು ತಿಂಗಳ ಆಯಸ್ಸು ಅಷ್ಟೆ.

ತಿಪಟೂರು_ಕೊಬ್ಬರಿ

ನಾನು ಶಾರ್ಜಾದಲ್ಲಿದ್ದೇನೆ ಕಣಮ್ಮ, ಯುಕೆ ಕಡೆಯದು ನನಗೆ ಅಷ್ಟು ಗೊತ್ತಿಲ್ಲ, ದುಬೈ ಕಡೆಯದು ಹೇಳುತ್ತೇನೆ.

ನಿಮಗೂ ಅಮ್ಮನಿಗೂ ಟೂರಿಸ್ಟ್ ವೀಸಾ ಸಾಕು. 30 ದಿನದ್ದು, 60 ದಿನದ್ದು ಎರಡೂ ಇದೆ. ನೀವು 30 ತೆಗೆದುಕೊಳ್ಳಿ, ಅಮ್ಮನಿಗೆ 60. ಆನ್‌ಲೈನ್‌ನಲ್ಲೇ ಬರುತ್ತದೆ, ಪಾಸ್‌ಪೋರ್ಟ್ ಎಲ್ಲೂ ಕೊಡಬೇಕಾಗಿಲ್ಲ, ಸ್ಕ್ಯಾನ್ ಮಾಡಿದ ಕಾಪಿ ಸಾಕು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಬಾಣಂತನ ಎರಡು ತಿಂಗಳಿಗೆ ಮುಗಿಯುವುದಲ್ಲ ಅಂತ ಅಮ್ಮ ಹೇಳುತ್ತಾರೆ ನೋಡಿ, ಆಗ ಅವಧಿ ಮುಗಿಯುವ ಮೊದಲೇ ಭಾವನ ಕೈಲಿ ವಿಸ್ತರಣೆ ಮಾಡಿಸಿ. ದಾಟಿದರೆ ದಿನಕ್ಕೆ 50 ದಿರ್ಹಾಮ್ ದಂಡ.

ಅಮ್ಮ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾರಾ? ಇಲ್ಲ ಅಂದರೆ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಎಮಿಗ್ರೇಶನ್ ತಪಾಸಣೆ ಬೇಕು) ಅಂತ ಮುದ್ರೆ ಇದೆಯಾ ನೋಡಿ. ಇದ್ದರೂ ಗಾಬರಿ ಬೇಡ. ಎಮಿಗ್ರೇಶನ್ ಅನುಮತಿ ಬೇಕಾಗಿರುವುದು ಆ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ, ಮಗಳ ಮನೆಗೆ ಹೋಗುವವರಿಗೆ ಅಲ್ಲ. ಆದರೆ ಕೌಂಟರಿನಲ್ಲಿ ನಾಲ್ಕು ಪ್ರಶ್ನೆ ಜಾಸ್ತಿ ಕೇಳಬಹುದು. ರಿಟರ್ನ್ ಟಿಕೆಟ್, ಅಕ್ಕ ಭಾವನ ಎಮಿರೇಟ್ಸ್ ಐಡಿ ಕಾಪಿ, ಮನೆ ವಿಳಾಸ, ಅಮ್ಮ ಮಗಳ ಸಂಬಂಧ ತೋರಿಸುವ ಯಾವುದಾದರೂ ಕಾಗದ ಒಂದು ಫೈಲಿನಲ್ಲಿ ಹಾಕಿ ಅಮ್ಮನ ಕೈಯಲ್ಲೇ ಕೊಡಿ. ಐವತ್ತು ದಾಟಿದವರಿಗೆ ಇಸಿಆರ್ ತೆಗೆಸಿಕೊಳ್ಳಲು ಅವಕಾಶ ಇದೆ, ಅದಕ್ಕೆ ಪಾಸ್‌ಪೋರ್ಟ್ ಮತ್ತೆ ಮಾಡಿಸಬೇಕು, ಈ ಅವಸರದಲ್ಲಿ ಬೇಡ.

ಈಗ ಮುಖ್ಯವಾದದ್ದು. ಬಾಣಂತನಕ್ಕೆ ಹೋಗುವ ತಾಯಂದಿರ ಸೂಟ್‌ಕೇಸ್ ಏನು ಅಂತ ನನಗೆ ಗೊತ್ತು. ಅಂಟಿನುಂಡೆ, ಬಾಣಂತಿ ಖಾರ, ಮೆಂತ್ಯದ ಹಿಟ್ಟು, ಕೊಬ್ಬರಿ, ಎಲ್ಲ ಸರಿ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಯುಎಇಯಲ್ಲಿ ಗಸಗಸೆ ನಿಷೇಧ, ಅದನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ನೋಡುತ್ತಾರೆ. ಅಂಟಿನುಂಡೆಗೆ ನಮ್ಮ ಕಡೆ ಗಸಗಸೆ ಹಾಕುತ್ತೇವಲ್ಲ, ಅದಕ್ಕೇ ಹೇಳಿದ್ದು, ಉಂಡೆ ಕಟ್ಟುವಾಗಲೇ ಬಿಟ್ಟುಬಿಡಲು ಅಮ್ಮನಿಗೆ ಹೇಳಿ. ಬಾಣಂತಿಗೆ ಊಟ ಆದ ಮೇಲೆ ಎಲೆ ಅಡಿಕೆ ಕೊಡಬೇಕು ಅಂತ ವೀಳ್ಯದೆಲೆ ಕಟ್ಟು ಒಯ್ಯುವುದೂ ಬೇಡ, ಅದೂ ನಿಷೇಧದ ಪಟ್ಟಿಯಲ್ಲಿದೆ. ಅಮ್ಮನಿಗೆ ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಇಡಿ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆ, ಕೆಮ್ಮಿನ ಔಷಧಿ ಅಲ್ಲಿ ನಿಯಂತ್ರಣದಲ್ಲಿವೆ, ಅನುಮತಿ ಇಲ್ಲದೆ ಒಯ್ಯಬೇಡಿ. ನಿಮ್ಮ ಯುಕೆ ಅರ್ಜಿಗೆ ದುಬೈ ಪ್ರಯಾಣದಿಂದ ತೊಂದರೆ ಇಲ್ಲ ಅಂತ ಮೇಲೆ ಹೇಳಿದರಲ್ಲ, ಅದು ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ ಮಾತ್ರ! ಕೇಸು ಗೀಸು ಆದರೆ ಅದನ್ನು ಯುಕೆಗೆ ತಿಳಿಸಬೇಕಾಗುತ್ತದೆ.

ಬಟವಾಡಿ_ಹುಡುಗಿ

ಅಣ್ಣ, ಗಸಗಸೆ ವಿಷಯ ಓದಿ ಅಮ್ಮನಿಗೆ ಹೇಳಿದೆ. ಗಸಗಸೆ ಇಲ್ಲದೆ ಅದೆಂಥ ಅಂಟಿನುಂಡೆ ಅಂತ ನನಗೇ ಬೈದರು. ಒಪ್ಪಿಸುತ್ತೇನೆ. ಅವರು ಓದಿದ್ದು ಏಳನೇ ಕ್ಲಾಸು, ಪಾಸ್‌ಪೋರ್ಟ್ ತೆಗೆದು ನೋಡಿದೆ, ಇಸಿಆರ್ ಮುದ್ರೆ ಇಲ್ಲ. ಮಾಡಿಸಿದಾಗಲೇ ಐವತ್ತು ದಾಟಿತ್ತು.

ಕೊನೆಯದಾಗಿ ಒಂದು. ನಾನು ದುಬೈನಲ್ಲಿರುವಾಗಲೇ ಯುಕೆಯಿಂದ ತೀರ್ಮಾನ ಬಂದರೆ? ಓಡಿ ಬರಬೇಕಾ?

ಮಧುಗಿರಿ_ಏಕಶಿಲೆ

ಅದೇ ದಿನ ಓಡಿ ಬರಬೇಕಾಗಿಲ್ಲ. ಮೇಲ್‌ನಲ್ಲಿ ಏನು ಮಾಡಬೇಕು ಅಂತ ಬರೆದಿರುತ್ತದೆ. ಪಾಸ್‌ಪೋರ್ಟ್ ತಂದುಕೊಡಿ ಅಂತ ಇದ್ದರೆ ನೀವು ಬೆರಳಚ್ಚು ಕೊಟ್ಟ ಸೆಂಟರಿಗೇ ಕೊಡಬೇಕು, ದುಬೈನಲ್ಲಿರುವ ಸೆಂಟರಿಗೆ ಕೊಡೋಣ ಅನ್ನೋ ಯೋಚನೆ ಮಾಡಬೇಡಿ. ಈಗ ಪಾಸ್‌ಪೋರ್ಟ್‌ನಲ್ಲಿ ಸ್ಟಿಕ್ಕರ್ ಹಾಕುವ ಪದ್ಧತಿಯಿಂದ ಇ-ವೀಸಾ ಕಡೆಗೆ ಹೋಗುತ್ತಿದ್ದಾರೆ. ಮೊದಲು ಅಲ್ಲಿ ಇಳಿದ ಮೇಲೆ ಕೊಡುತ್ತಿದ್ದ ಬಿಆರ್‌ಪಿ ಅನ್ನೋ ವಾಸದ ಅನುಮತಿ ಕಾರ್ಡು 2024ರ ಕೊನೆಗೆ ನಿಂತೇ ಹೋಯಿತು. ನಿಮಗೆ ಸ್ಟಿಕ್ಕರ್ ಬಂದರೆ ಅದಕ್ಕೆ 90 ದಿನ ಅವಧಿ ಇರುತ್ತದೆ. ಫಾರ್ಮಿನಲ್ಲಿ ನೀವು ಯಾವಾಗ ಹೊರಡುತ್ತೀರಿ ಅಂತ ಕೊಟ್ಟ ತಾರೀಖಿಗೆ ಅದು ಹೊಂದಿಕೊಂಡಿರುತ್ತದೆ. ಅಷ್ಟರೊಳಗೆ ಯುಕೆಗೆ ಹೋಗಿ ಇಳಿಯಬೇಕು. ಹಾಗಾಗಿ ದುಬೈನಲ್ಲಿ ಹತ್ತು ದಿನ ಇದ್ದರೆ ಏನೂ ಇಲ್ಲ. ಮಗು ಮುದ್ದಾಗಿದೆ ಅಂತ ಅಲ್ಲೇ ತಿಂಗಳುಗಟ್ಟಲೆ ಕೂತರೆ ಕಷ್ಟ.

ನನಗೆ ಕೇಳಿದರೆ ಬೆರಳಚ್ಚು ಕೊಟ್ಟ ಕೂಡಲೇ ಹೋಗಿ ಬಂದುಬಿಡಿ. ಮೊದಲ ಕೆಲವು ವಾರದಲ್ಲಿ ತೀರ್ಮಾನ ಬರುವ ಸಂಭವ ಕಡಿಮೆ. ಪ್ರಯಾರಿಟಿ ಅಂತ 500 ಪೌಂಡ್ ಜಾಸ್ತಿ ಕಟ್ಟಿದ್ದರೆ ಮಾತ್ರ ಬೇಗ ಬರಬಹುದು.

ಮೇಲ್ ದಿನಾ ನೋಡಿ, ಸ್ಪ್ಯಾಮ್ ಫೋಲ್ಡರ್ ಕೂಡ. ಇನ್ನಷ್ಟು ದಾಖಲೆ ಕೊಡಿ ಅಂತ ಕೇಳಿ ಗಡುವು ಹಾಕುತ್ತಾರೆ, ಅದು ತಪ್ಪಿದರೆ ಇರುವ ಕಾಗದದ ಮೇಲೇ ತೀರ್ಮಾನ ಮಾಡಿಬಿಡುತ್ತಾರೆ. ಅರ್ಜಿಯಲ್ಲಿ ಯಾರ ಮೇಲ್ ಐಡಿ ಕೊಟ್ಟಿದ್ದೀರಿ ಅಂತಲೂ ಇವತ್ತೇ ನೋಡಿಕೊಳ್ಳಿ. ಏಜೆಂಟರ ಐಡಿ ಹಾಕಿದ್ದರೆ ನಿಮಗೆ ಬಂದ ಪತ್ರ ಅವರು ತೋರಿಸಿದಾಗಲೇ ನಿಮಗೆ ಕಾಣುವುದು.

ಬಟವಾಡಿ_ಹುಡುಗಿ

ಹೌದು ಅಣ್ಣ!! ಏಜೆಂಟರ ಐಡಿಯೇ ಇದೆ. ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆ, ನಾಳೆ ಆಫೀಸಿಗೆ ಬನ್ನಿ ಅಂದರು. ನಮ್ಮ ಯಜಮಾನರೇ ಈಗ ಅವರಿಗೆ ಮಾತಾಡುತ್ತಿದ್ದಾರೆ.

ಶಿರಾ_ಮೇಷ್ಟ್ರು

ಎಲ್ಲರೂ ಒಳ್ಳೆಯ ಮಾಹಿತಿ ಕೊಟ್ಟಿದ್ದೀರಿ. ಸ್ವಲ್ಪ ಪಕ್ಕದ ವಿಷಯ, ಇದೇ ಪರಿಸ್ಥಿತಿಯಲ್ಲಿ ಇರುವ ಬೇರೆಯವರಿಗೆ ಉಪಯೋಗ ಆಗಬಹುದು. ನಮ್ಮ ಮಗಳ ಪಾಸ್‌ಪೋರ್ಟ್ ಓದಿನ ವೀಸಾಗೆ ಕೊಟ್ಟಿದ್ದಾಗ ನಾವೆಲ್ಲ ಮುಕ್ತಿನಾಥಕ್ಕೆ ಹೊರಟಿದ್ದೆವು. ಅವಳನ್ನು ಬಿಟ್ಟು ಹೋಗಬೇಕೇನೋ ಅಂದುಕೊಂಡಿದ್ದೆವು. ನೇಪಾಳಕ್ಕೆ ನಮ್ಮವರಿಗೆ ಪಾಸ್‌ಪೋರ್ಟೇ ಬೇಕು ಅಂತಿಲ್ಲ, ಚುನಾವಣಾ ಆಯೋಗದ ವೋಟರ್ ಕಾರ್ಡ್ ನಡೆಯುತ್ತದೆ. ಅಸಲು ಕಾರ್ಡೇ ಬೇಕು, ಮೊಬೈಲಿನ ಫೋಟೋ ಅಲ್ಲ. ಆಧಾರ್ ನಡೆಯುವುದು 15 ವರ್ಷದ ಒಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಏರ್‌ಪೋರ್ಟಿನಲ್ಲಿ ಒಬ್ಬರು ನಡುವಯಸ್ಸಿನವರು ಬರೀ ಆಧಾರ್ ಹಿಡಿದುಕೊಂಡು ಬಂದು ಜಗಳ ಆಡುತ್ತಿದ್ದರು, ಬಿಡಲಿಲ್ಲ. ಭೂತಾನಕ್ಕೂ ವೋಟರ್ ಕಾರ್ಡ್ ಸಾಕು, ಅಲ್ಲಿ ನಮ್ಮವರಿಗೆ ದಿನಕ್ಕೆ 1,200 ರೂಪಾಯಿ ಶುಲ್ಕ ಇದೆ. ಪಾಸ್‌ಪೋರ್ಟ್ ವೀಸಾ ಆಫೀಸಿನಲ್ಲಿ ಕೂತಿರುವಾಗ ಹೋಗಿ ಬರಬಹುದಾದ ಹೊರದೇಶ ಅಂದರೆ ಇವೆರಡೇ.

ಕುಣಿಗಲ್_ಕುದುರೆ

ಬೈದದ್ದು ಒಳ್ಳೆಯದಾಯಿತು ಗುರು, ಆ ಏಜೆಂಟ್ ಹತ್ತಿರ ನಮ್ಮ ಫ್ರೆಂಡ್ ಒಬ್ಬ ದುಡ್ಡು ಕೊಡಲು ರೆಡಿಯಾಗಿದ್ದ. ಈ ಪೇಜ್ ಕಳಿಸಿದ್ದೇನೆ.

ತಿಪಟೂರು_ಕೊಬ್ಬರಿ

ಇನ್ನೆರಡು ಮಾತು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಅಪ್ಪನ ಫೋನಿನಲ್ಲಿ ಬೋಟಿಮ್ ಆ್ಯಪ್ ಈಗಲೇ ಹಾಕಿ ತೋರಿಸಿಕೊಡಿ, ಇಲ್ಲದಿದ್ದರೆ ಅಮ್ಮ ತಲುಪಿದ ದಿನವೇ ಮನೆಯಲ್ಲಿ ರಂಪ. ನಿಮ್ಮ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿ, ಯಾವುದಾದರೂ ಫೀಸು ಕಟ್ಟಬೇಕಾಗಿ ಬಂದರೆ ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು.

ಬೆಳಗಿನ ಫ್ಲೈಟ್ ಆದರೆ ತುಮಕೂರಿನಿಂದ ಬೆಂಗಳೂರು ಊರೊಳಗೆ ಹೋಗಬೇಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಫ್ಲೈಟ್ ಬಿಟ್ಟವರನ್ನು ನೋಡಿದ್ದೇನೆ. ಟಿಕೆಟ್ ಮಾಡಿಸುವಾಗ ಅಮ್ಮನ ಹೆಸರಿಗೆ ವಾಪಸ್ ಬರುವ ದಿನಕ್ಕೆ ವೀಲ್‌ಚೇರ್ ಸಹಾಯ ಹಾಕಿಸಿ. ನೀವು ಜೊತೆಗೆ ಇರುವುದಿಲ್ಲ ಅಲ್ವಾ ಆಗ.

ಬಟವಾಡಿ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಸೇವೆಗೆ ದುಡ್ಡು ಕಟ್ಟಿದೆ, ರಸೀದಿ ಬಂತು. ಭಾವ ದುಬೈ ವೀಸಾಗೆ ಕಾಪಿ ಕೇಳಿದ್ದಾರೆ, ಬೆರಳಚ್ಚು ಮುಗಿಸಿ ಪಾಸ್‌ಪೋರ್ಟ್ ಕೈಗೆ ವಾಪಸ್ ಬಂದ ಮೇಲೆ ಟಿಕೆಟ್ ಮಾಡಿಸೋಣ ಅಂತ ಹೇಳಿದ್ದೇನೆ. ಅಪ್ಪನಿಗೂ ಈ ಪೇಜ್ ಓದಿ ಹೇಳಿದೆ. ಸರಿ ಹೋಗಿ ಬನ್ನಿ ಅಂದರು, ಆದರೆ ಅಡುಗೆ ಯಾರು ಮಾಡುತ್ತಾರೆ ಅಂತ ಈಗ ಹೊಸ ಪ್ರಶ್ನೆ.